ರೋಗ ಬಂದ ದಿನ ಹಣ ಹುಡುಕುವಂತಾಗಬಾರದು: ಆರೋಗ್ಯ ಹಣಕಾಸು ತರಬೇತಿಯ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕುಗಳ ಪಂಚಾಯಿತಿ ಸದಸ್ಯರು, ಪಿಡಿಒಗಳು, ವೈದ್ಯಾಧಿಕಾರಿಗಳು, ಲೆಕ್ಕ ಶಾಖೆಯವರು, ಸಹಕಾರ ಸಂಘಗಳ ನಿರ್ದೇಶಕರು ತರಬೇತಿಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವೈದ್ಯನಲ್ಲ. ಬಹಳ ವರ್ಷ ಆರೋಗ್ಯದ ಲೆಕ್ಕ ಬರೆದು, ಈಗ ಅದನ್ನೇ ಕಲಿಸುತ್ತಿರುವವನು. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ, ಅದನ್ನು ಮುಚ್ಚಿಟ್ಟಿಲ್ಲ.

ಆರೋಗ್ಯ ಹಣಕಾಸು ಎಂದರೆ ಬಜೆಟ್ ಪುಸ್ತಕ ಓದುವುದೇ?

ಬಜೆಟ್ ಓದುವುದು ಅದರ ಒಂದು ಭಾಗ. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರದಿ ಈ ವಿಷಯಕ್ಕೇ ಮೀಸಲಾಗಿತ್ತು. ಜಗತ್ತಿನೆಲ್ಲೆಡೆ ಪಾಠವನ್ನು ಮೂರು ಕೆಲಸಗಳಾಗಿ ಬಿಡಿಸಿ ಹೇಳುವುದು ರೂಢಿ: ಹಣ ಕೂಡಿಸುವುದು, ಕೂಡಿಸಿದ್ದನ್ನು ಒಂದೇ ಹುಂಡಿಗೆ ಹಾಕಿ ಎಲ್ಲರ ಅಪಾಯವನ್ನು ಎಲ್ಲರೂ ಹೊರುವುದು, ಆ ಹುಂಡಿಯಿಂದ ಜನರಿಗಾಗಿ ಚಿಕಿತ್ಸೆ ಖರೀದಿಸುವುದು. ನಮ್ಮ ಸಭೆಗಳಲ್ಲಿ ಚರ್ಚೆಯಾಗುವುದು ಮೊದಲನೆಯದು ಮಾತ್ರ. ಎಷ್ಟು ಅನುದಾನ ಬಂತು ಎಂದು ಕೇಳುತ್ತೇವೆ. ಅದು ಯಾರ ಅಪಾಯವನ್ನು ಹೊತ್ತಿತು, ಅದರಿಂದ ಏನನ್ನು ಯಾವ ದರಕ್ಕೆ ಕೊಂಡೆವು ಎಂದು ಕೇಳುವವರು ಕಡಿಮೆ. ತರಬೇತಿಯ ಹೆಚ್ಚಿನ ಹೊತ್ತು ಹೋಗುವುದು ಈ ಎರಡು ಪ್ರಶ್ನೆಗಳಿಗೆ.

ಸಾರ್ವತ್ರಿಕ ಆರೋಗ್ಯ ರಕ್ಷಣೆ ಎಂದರೆ ಎಲ್ಲರಿಗೂ ಎಲ್ಲವೂ ಉಚಿತವೇ?

ಅಲ್ಲ. ಯಾವ ದೇಶಕ್ಕೂ ಅದು ಸಾಧ್ಯವಾಗಿಲ್ಲ. ಬೇಕಾದ ಚಿಕಿತ್ಸೆ ಸಿಗಬೇಕು, ಅದು ಕೆಲಸಕ್ಕೆ ಬರುವ ಗುಣಮಟ್ಟದ್ದಾಗಿರಬೇಕು, ಅದರಿಂದ ಮನೆ ಮುಳುಗಬಾರದು. ಇಷ್ಟೇ ಅದರ ಅರ್ಥ. ಎಷ್ಟು ಜನರನ್ನು ಒಳಗೆ ತರುತ್ತೀರಿ, ಯಾವ ಯಾವ ಸೇವೆ ಕೊಡುತ್ತೀರಿ, ವೆಚ್ಚದಲ್ಲಿ ಎಷ್ಟು ಪಾಲು ಹೊರುತ್ತೀರಿ ಎಂಬ ಮೂರು ದಿಕ್ಕಿನಲ್ಲಿ ಅದನ್ನು ಅಳೆಯುತ್ತಾರೆ. ಮೂರನ್ನೂ ಒಟ್ಟಿಗೆ ಹಿಗ್ಗಿಸುವಷ್ಟು ಹಣ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಯಾವುದು ಮೊದಲು ಎಂದು ಯಾರೋ ತೀರ್ಮಾನಿಸಲೇಬೇಕು, ಆ ತೀರ್ಮಾನ ಜನರ ಎದುರಿಗೆ ಆಗಬೇಕು. ವಿಶ್ವಸಂಸ್ಥೆಯ ಮಹಾಸಭೆ 2012ರ ಡಿಸೆಂಬರ್ 12ರಂದು ಇದನ್ನು ಎಲ್ಲ ದೇಶಗಳ ಗುರಿಯನ್ನಾಗಿ ಒಪ್ಪಿತು. ಆದರೆ ನಮ್ಮ ದೇಶದಲ್ಲಿ 1946ರಷ್ಟು ಹಿಂದೆಯೇ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ, ಕೊಡಲು ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂದು ಬರೆದಿತ್ತು.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನನ್ನನ್ನು ನೀತಿ ರೂಪಿಸುವವಳು ಎನ್ನಬಹುದೇ?

ಖಂಡಿತ ಎನ್ನಬಹುದು. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಬಂದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯವೂ ಇದೆ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳನ್ನು ಅಲ್ಲಿ ಸೇರಿಸಿಯೇ ಹೇಳಲಾಗಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಬರುವ ವರ್ಷದ 10,000 ರೂಪಾಯಿಯ ಮುಕ್ತ ನಿಧಿಯ ಬಗ್ಗೆ ನಿರ್ಣಯ ಮಾಡುವಾಗ ನೀವು ಕೈ ಎತ್ತುತ್ತೀರಿ. ಮೊತ್ತ ಸಣ್ಣದಿರಬಹುದು. ಆದರೆ ಅದನ್ನು ಬ್ಲೀಚಿಂಗ್ ಪುಡಿಗೆ ಕೊಡಬೇಕೋ, ಬುಡಕಟ್ಟು ಹಾಡಿಯ ಗರ್ಭಿಣಿಯನ್ನು ರಾತ್ರಿ ಆಸ್ಪತ್ರೆಗೆ ತಲುಪಿಸಿದ ಜೀಪಿಗೆ ಕೊಡಬೇಕೋ ಎಂದು ನಿರ್ಧರಿಸುವುದು ಹಣಕಾಸು ನೀತಿಯೇ.

ಮೊದಲ ದಿನ ಏನು ಮಾಡಿಸುತ್ತೀರಿ?

ಭಾಷಣ ಇರುವುದಿಲ್ಲ. ಪ್ರತಿ ಮೇಜಿನ ಮೇಲೂ ಒಂದು ಪ್ಲಾಸ್ಟಿಕ್ ಕವರ್ ಇಡುತ್ತೇವೆ. ಔಷಧಿ ಅಂಗಡಿಯವರು ಕೊಡುವಂಥದ್ದೇ, ಬಾಯಿಗೆ ರಬ್ಬರ್ ಸುತ್ತಿದ್ದು. ನಮ್ಮ ಜನ ಆಸ್ಪತ್ರೆಯ ಕಾಗದಗಳನ್ನು ಅಂಥದ್ದರಲ್ಲೇ ಇಟ್ಟು ಗೋಡೆಯ ಮೊಳೆಗೆ ತೂಗು ಹಾಕುತ್ತಾರೆ. ಒಳಗಿನ ಕಾಗದಗಳಲ್ಲಿ ಹೆಸರಿಲ್ಲ, ಮೊತ್ತಗಳನ್ನು ಅಭ್ಯಾಸಕ್ಕೆಂದು ನಾವೇ ಬರೆದಿದ್ದೇವೆ. ಕಥೆ ಮಾತ್ರ ಇಲ್ಲಿಯ ಎಲ್ಲರಿಗೂ ಗೊತ್ತಿರುವಂಥದ್ದು. ತೋಟದ ಲೈನ್ ಮನೆಯ ಕಾರ್ಮಿಕರೊಬ್ಬರು ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಯುಷ್ಮಾನ್ ಕಾರ್ಡ್ ಇದ್ದುದರಿಂದ ಅದಕ್ಕೆ ಒಂದು ರೂಪಾಯಿಯೂ ಕೊಡಲಿಲ್ಲ.

ಕವರ್ ಬಿಚ್ಚಿ ಎಣಿಸಿ ಎನ್ನುತ್ತೇವೆ. ಜೀಪಿನ ಬಾಡಿಗೆ 4,500. ದಾಖಲಾಗುವ ಮುನ್ನ ಹೊರಗೆ ಮಾಡಿಸಿದ ಸ್ಕ್ಯಾನ್ 3,200. ಜೊತೆಗಿದ್ದ ಹೆಂಡತಿಯ ಊಟ, ಕೊಠಡಿ 2,800. ಬಿಡುಗಡೆಯಾದ ಮೇಲಿನ ಮಾತ್ರೆ ಮತ್ತು ಮರುಭೇಟಿಯ ಶುಲ್ಕ 6,000. ಇದು 16,500 ಆಯಿತು. ಮೂರು ತಿಂಗಳು ಕೆಲಸವಿಲ್ಲ, ದಿನಕ್ಕೆ 450ರಂತೆ 90 ದಿನದ ಕೂಲಿ 40,500. ಒಟ್ಟು 57,000.

ಆಮೇಲೆ ಎರಡನೇ ಲೆಕ್ಕ. ಚಿಕಿತ್ಸೆಯ ಖರ್ಚು ಮನೆಯ ವಾರ್ಷಿಕ ವೆಚ್ಚದ ಶೇ 10 ಅಥವಾ ಶೇ 25ನ್ನು ಮೀರಿದರೆ ಅದು ಮನೆಯನ್ನು ಜರ್ಜರಗೊಳಿಸುವ ಖರ್ಚು ಎಂಬುದು ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮೊದಲಿನಿಂದ ಬಳಸಿದ ಅಳತೆ. ಈ ಮನೆಯ ವಾರ್ಷಿಕ ವೆಚ್ಚ 1,80,000 ಎಂದಿಟ್ಟುಕೊಂಡಿದ್ದೇವೆ. ಹತ್ತರಲ್ಲಿ ಒಂದು ಪಾಲು 18,000. ಚಿಕಿತ್ಸೆಯ ಖರ್ಚೆಂದು ನೇರವಾಗಿ ಲೆಕ್ಕಕ್ಕೆ ಬರುವುದು ಸ್ಕ್ಯಾನ್, ಮಾತ್ರೆ ಮತ್ತು ಮರುಭೇಟಿ, ಅಂದರೆ 9,200. ಕಳೆದ ಕೂಲಿ ಅದರಲ್ಲಿ ಸೇರುವುದೇ ಇಲ್ಲ. ಹಾಗಾಗಿ ಅಂಕಿಅಂಶದ ಪ್ರಕಾರ ಈ ಮನೆಗೆ ಏನೂ ಆಗಿಲ್ಲ. ಆದರೆ ಆ ಮನೆಯ ಯಜಮಾನ ತೋಟದ ಮಾಲೀಕರ ಬಳಿ ಮುಂಗಡ ಪಡೆದಾಗಿದೆ, ಮಗಳ ಕಿವಿಯೋಲೆ ಅಡವಿಗೆ ಹೋಗಿದೆ.

ಈ ಹಂತದಲ್ಲಿ ಕೊಠಡಿ ಸುಮ್ಮನಾಗುತ್ತದೆ. ಒಮ್ಮೆ ಹಿರಿಯ ಅಧಿಕಾರಿಯೊಬ್ಬರು ಕಾಗದಗಳನ್ನು ಮತ್ತೆ ಕವರ್‌ಗೆ ತುಂಬಿ, ರಬ್ಬರ್ ಸುತ್ತಿ, ಬಹಳ ಹೊತ್ತು ಅದನ್ನು ಕೈಯಲ್ಲೇ ಹಿಡಿದು ಕುಳಿತಿದ್ದರು. ಪಕ್ಕದ ಮೇಜಿನ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: “ಆ ಸ್ಕ್ಯಾನ್‌ಗೆ ಅವರು ಯಾಕೆ ದುಡ್ಡು ಕೊಟ್ಟರು ಸಾರ್?” ಸರಿಯಾದ ಪ್ರಶ್ನೆ. ಆ ಕಾರ್ಡ್ ಕೊಡುವ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ರಾಷ್ಟ್ರೀಯ ನಿಯಮದಲ್ಲಿ ದಾಖಲಾಗುವ ಮುಂಚಿನ ಮೂರು ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಪರೀಕ್ಷೆ, ಔಷಧದ ವೆಚ್ಚವೂ ಸೇರುತ್ತದೆ. ಅದನ್ನು ಆ ಕುಟುಂಬಕ್ಕೆ ಹೇಳುವವರು ಯಾರೂ ಇರಲಿಲ್ಲ.

ಆಯುಷ್ಮಾನ್ ಕಾರ್ಡ್ ಬಂದ ಮೇಲೆ ಇನ್ನೇನು ಉಳಿಯಿತು?

ಮುಖ್ಯವಾದದ್ದೇ ಉಳಿದಿದೆ. ಕಾರ್ಡನ್ನು ನಾನು ಕಡೆಗಣಿಸುವುದಿಲ್ಲ. ಕರ್ನಾಟಕದಲ್ಲಿ ಆರೋಗ್ಯ ಕರ್ನಾಟಕ 2018ರ ಮಾರ್ಚ್‌ನಲ್ಲಿ ಶುರುವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವು ಗೊತ್ತುಪಡಿಸಲಾಯಿತು. ಅದಕ್ಕೂ ಮುಂಚಿನ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು, ಅದು ಜಾರಿಯಾದ ಮತ್ತು ಇನ್ನೂ ಆಗದ ಗಡಿಭಾಗದ ಹಳ್ಳಿಗಳನ್ನು ಹೋಲಿಸಿ ಸಂಶೋಧಕರು ಪರೀಕ್ಷಿಸಿದ್ದರು. ಯೋಜನೆ ಇದ್ದ ಕಡೆ ಅದರ ವ್ಯಾಪ್ತಿಯ ಕಾಯಿಲೆಗಳಿಂದ ಬಡವರು ಸಾಯುವುದು ಕಡಿಮೆಯಾಗಿತ್ತು. 2014ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ತರಬೇತಿಯಲ್ಲಿ ಓದಿಸುತ್ತೇವೆ.

ಆದರೆ ಈ ಯೋಜನೆಗಳು ನೋಡಿಕೊಳ್ಳುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರನ್ನು. ನಮ್ಮ ದೇಶದ ಮನೆಗಳು ಕೈಯಿಂದ ಮಾಡುವ ಖರ್ಚಿನಲ್ಲಿ ಹೆಚ್ಚಿನದು ಹೊರರೋಗಿ ಚಿಕಿತ್ಸೆಗೆ, ಅದರಲ್ಲೂ ಔಷಧಕ್ಕೆ ಹೋಗುತ್ತದೆ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳೂ ಬೇಕಾಗುವ ಮಾತ್ರೆ ಉಪಕೇಂದ್ರದಲ್ಲಿ ತಪ್ಪದೆ ಸಿಕ್ಕರೆ, ಐದು ವರ್ಷದ ನಂತರದ ಪಾರ್ಶ್ವವಾಯು, ಡಯಾಲಿಸಿಸ್ ಎಷ್ಟೋ ತಪ್ಪುತ್ತವೆ. ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂದಾಗ ಜನ ಪೇಟೆಯ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಮಾತ್ರೆ ಬಿಟ್ಟೇಬಿಡುತ್ತಾರೆ. ನನ್ನನ್ನು ಕೇಳಿದರೆ ಕೊಡಗಿನಲ್ಲಿ ಮುಂದಿನ ರೂಪಾಯಿ ಹೋಗಬೇಕಾದದ್ದು ಈ ಮಾತ್ರೆಗಳಿಗೆ.

ನಮ್ಮಲ್ಲಿ ಮರಣ ನಿಧಿ ಇದೆ. ಹಾಗೆಯೇ ಸಂಘದಲ್ಲಿ ಆರೋಗ್ಯ ನಿಧಿ ಮಾಡಿಕೊಂಡರೆ ಸಾಲದೇ?

ಈ ಪ್ರಶ್ನೆ ಬಂದಾಗ ನನಗೆ ಸಂತೋಷವಾಗುತ್ತದೆ. ಹುಂಡಿಯ ತತ್ವ ನಮ್ಮವರಿಗೆ ಹೊಸದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಸದಸ್ಯರ ಮನೆಯಲ್ಲಿ ಸಾವಾದಾಗ ಎಲ್ಲರೂ ಇಂತಿಷ್ಟು ಹಾಕುತ್ತಾರೆ, ಆ ಮನೆ ಶವಸಂಸ್ಕಾರಕ್ಕೆ ಯಾರ ಮುಂದೂ ಕೈಚಾಚಬೇಕಾಗಿಲ್ಲ. ಅದು ನಡೆಯುವುದಕ್ಕೆ ಕಾರಣವಿದೆ. ಸಾವು ಪ್ರತಿ ಮನೆಗೂ ಬರುತ್ತದೆ, ಖರ್ಚು ಹೆಚ್ಚುಕಡಿಮೆ ಒಂದೇ, ಸುಳ್ಳು ಹೇಳಿ ಪಡೆಯುವಂತಿಲ್ಲ.

ಕಾಯಿಲೆ ಹಾಗಲ್ಲ. ಇನ್ನೂರು ಮನೆಯ ಸಂಘದಲ್ಲಿ ಒಂದೇ ವರ್ಷ ಇಬ್ಬರಿಗೆ ಕ್ಯಾನ್ಸರ್ ಬಂದರೆ ನಿಧಿ ಖಾಲಿ. ಸೇರುವುದು ಇಚ್ಛೆಗೆ ಬಿಟ್ಟ ಮಾತಾದರೆ ಕಾಯಿಲೆ ಇದ್ದವರು ಮೊದಲು ಸೇರುತ್ತಾರೆ, ಗಟ್ಟಿಮುಟ್ಟಾಗಿರುವವರು ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ವಂತಿಗೆ ಏರುತ್ತದೆ, ಏರಿದಂತೆ ಇನ್ನಷ್ಟು ಮಂದಿ ಬಿಡುತ್ತಾರೆ. ಯಶಸ್ವಿನಿ ಆರೋಗ್ಯ ಯೋಜನೆ ಈ ತೊಡಕನ್ನು ಸ್ವಲ್ಪ ಮಟ್ಟಿಗೆ ಬಿಡಿಸಿದ್ದು ರಾಜ್ಯದ ಸಹಕಾರ ಸಂಘಗಳ ಸದಸ್ಯರನ್ನು ಒಂದೇ ಹುಂಡಿಗೆ ತಂದದ್ದರಿಂದ. 2003ರಲ್ಲಿ ಚಿಕಿತ್ಸೆ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಇತ್ತು, ಸರ್ಕಾರವೂ ತನ್ನ ಪಾಲು ಹಾಕಿತ್ತು. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂತು. ನಿಮ್ಮ ಸಂಘದ ಆರೋಗ್ಯ ನಿಧಿ ಖಂಡಿತ ಇರಲಿ. ಅದನ್ನು ಜೀಪಿನ ಬಾಡಿಗೆಗೆ, ಜೊತೆಯಲ್ಲಿ ಹೋದವರ ಊಟಕ್ಕೆ, ದೊಡ್ಡ ಯೋಜನೆ ತುಂಬದ ಸಂದಿಗಳಿಗೆ ಇಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯ ಭಾರವನ್ನು ರಾಜ್ಯದಷ್ಟು ದೊಡ್ಡ ಹುಂಡಿಯೇ ಹೊರಬೇಕು.

ತೋಟದ ಕಾರ್ಮಿಕರ ಚಿಕಿತ್ಸೆ ಯಾರ ಹೊಣೆ? ಮಾಲೀಕರದೋ, ಸರ್ಕಾರದ್ದೋ?

ಒಬ್ಬ ಬೆಳೆಗಾರರು, ಒಬ್ಬ ಕಾರ್ಮಿಕ ಮುಖಂಡರು ಒಂದೇ ಕೊಠಡಿಯಲ್ಲಿದ್ದರೆ ಈ ಪ್ರಶ್ನೆಗೆ ಅರ್ಧ ದಿನ ಹೋಗುತ್ತದೆ, ಹೋಗಲಿ ಎಂದು ಬಿಡುತ್ತೇನೆ. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು ಮಾಲೀಕರ ಮೇಲಿಟ್ಟಿತು. ಆದರೆ ಅದು ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್‌ಗೆ ಕಡಿಮೆಯಿಲ್ಲದ, 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ. ಕೊಡಗಿನ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಅಲ್ಲಿ ದುಡಿಯುವವರು ಆ ರಕ್ಷಣೆಯ ಹೊರಗೇ ಉಳಿದರು. 2020ರ ಸಾಮಾಜಿಕ ಭದ್ರತಾ ಸಂಹಿತೆ, ತೋಟಗಳ ಮಾಲೀಕರು ಬಯಸಿದರೆ ನೌಕರರ ರಾಜ್ಯ ವಿಮೆಗೆ (ಇಎಸ್‌ಐ) ಸೇರುವ ದಾರಿ ಮಾಡಿದೆ. ಅಲ್ಲಿ ವಂತಿಗೆ ಮಾಲೀಕರಿಂದ ವೇತನದ ಶೇ 3.25, ಕಾರ್ಮಿಕರಿಂದ ಶೇ 0.75.

ಇನ್ನು ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲಿಗೆ ಹೊರಗಿನಿಂದ ಬರುವವರು. ಅಸ್ಸಾಮಿನಿಂದ ಬಂದ ಕುಟುಂಬದ ಮಗುವಿಗೆ ಜ್ವರ ಬಂದರೆ ಅದು ಯಾವ ರಾಜ್ಯದ ಲೆಕ್ಕ? ಯೋಜನೆಗೆ ಸೇರಿದ ರಾಜ್ಯಗಳ ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯಬೇಕೆಂಬುದು ನಿಯಮ. ಅದು ಕೌಂಟರ್‌ನಲ್ಲಿ ನಡೆಯುವಂತೆ ಮಾಡುವುದು ಕೊಯ್ಲಿಗೆ ಮುಂಚೆ, ಅಕ್ಟೋಬರ್‌ನಲ್ಲೇ ಆಗಬೇಕಾದ ಕೆಲಸ. ಹಣವನ್ನು ವೇತನಪಟ್ಟಿಗೆ ಕಟ್ಟಿಹಾಕಿದಷ್ಟೂ ಪಟ್ಟಿಯಲ್ಲಿ ಹೆಸರಿಲ್ಲದವರು ಹೊರಗುಳಿಯುತ್ತಾರೆ. ಆದ್ದರಿಂದಲೇ ಅಸಂಘಟಿತ ದುಡಿಮೆ ಹೆಚ್ಚಿರುವ ದೇಶಗಳಲ್ಲಿ ತೆರಿಗೆಯ ಹಣವೇ ಬುನಾದಿಯಾಗಬೇಕೆಂಬ ಮಾತಿಗೆ ಬಲ ಹೆಚ್ಚು. ನನ್ನ ನಂಬಿಕೆಯೂ ಅದೇ.

ಸರ್ಕಾರದ ಬಳಿ ಹಣವೇ ಇಲ್ಲ ಎನ್ನುತ್ತಾರಲ್ಲ?

ಹಣ ಕಡಿಮೆ ಇರುವುದು ನಿಜ. ಆರೋಗ್ಯಕ್ಕೆ ಸರ್ಕಾರಗಳ ಖರ್ಚು 2025ರೊಳಗೆ ಜಿಡಿಪಿಯ ಶೇ 2.5 ತಲುಪಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಂತೆ 2021-22ರಲ್ಲಿ ಅದು ಶೇ 1.84. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದು, ಉಳಿದದ್ದು ಇನ್ನೂ ಭಾರವೇ.

ಬೇರೆಯವರು ಏನು ಮಾಡಿದರು ನೋಡಿ. ಘಾನಾ 2003ರ ಕಾನೂನಿನಲ್ಲಿ ಸರಕು ಮತ್ತು ಸೇವೆಗಳ ಮೇಲೆ ಶೇ 2.5ರ ಆರೋಗ್ಯ ವಿಮಾ ತೆರಿಗೆ ಹಾಕಿತು. ಫಿಲಿಪ್ಪೀನ್ಸ್ 2012ರಲ್ಲಿ ತಂಬಾಕು, ಮದ್ಯದ ತೆರಿಗೆ ಏರಿಸಿ, ಬಂದ ಹೆಚ್ಚುವರಿ ಹಣದ ದೊಡ್ಡ ಪಾಲಿನಿಂದ ಬಡವರ ವಿಮೆಯನ್ನು ತುಂಬಿತು. ನಾವು 2018ರಿಂದ ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಉಪಕರ ಕಟ್ಟುತ್ತಿದ್ದೇವೆ. ಉಪಕರ ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆಯ ಪಾಲಿಗೆ ಸೇರುವುದಿಲ್ಲ, ಆರೋಗ್ಯವೋ ರಾಜ್ಯಪಟ್ಟಿಯ ವಿಷಯ. ಈ ಎರಡು ಮಾತನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸಲು ಕಲಿತ ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ.

ಬಂದ ಹಣವೇ ಖರ್ಚಾಗದೆ ವಾಪಸ್ ಹೋಗುತ್ತದೆ. ಮತ್ತೆ ಹೆಚ್ಚು ಕೇಳುವುದು ಹೇಗೆ?

ಇದು ನನ್ನ ಹಳೆಯ ನೋವು. ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಔಷಧದ ಹಣ ಒಂದು ಲೆಕ್ಕ ಶೀರ್ಷಿಕೆಯಲ್ಲಿ ಸುಮ್ಮನೆ ಕುಳಿತಿತ್ತು, ಪಕ್ಕದ ಶೀರ್ಷಿಕೆಯಲ್ಲಿ ಆಂಬುಲೆನ್ಸ್‌ನ ಡೀಸೆಲ್‌ಗೆ ಕಾಸಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಲು ಮೇಲಿನ ಒಪ್ಪಿಗೆ ಬೇಕು. ಕಡತ ಮಳೆಗಾಲದಲ್ಲಿ ಹೊರಟು ಮಾರ್ಚ್‌ನಲ್ಲಿ ಬಂತು. ಮಾರ್ಚ್ ಕೊನೆಯ ವಾರ ಬಿಲ್ಲುಗಳನ್ನು ಖಜಾನೆಗೆ ಹೊತ್ತುಕೊಂಡು ಓಡಿದೆವು, ಬೇಕಾದದ್ದನ್ನು ಬಿಟ್ಟು ಸಿಕ್ಕಿದ್ದನ್ನು ಕೊಂಡೆವು. ಯಾರೂ ಕದಿಯಲಿಲ್ಲ. ಆದರೂ ಆ ವರ್ಷ ಆಂಬುಲೆನ್ಸ್ ನಿಂತಿದ್ದ ದಿನಗಳನ್ನು ನಾನು ಮರೆತಿಲ್ಲ.

ತರಬೇತಿಯಲ್ಲಿ ಒಂದು ರೂಪಾಯಿ ಬೆಂಗಳೂರಿನಿಂದ ಹೊರಟು ಉಪಕೇಂದ್ರದ ಮಾತ್ರೆಯಾಗುವವರೆಗಿನ ದಾರಿಯನ್ನು ಉದ್ದನೆಯ ಕಾಗದದ ಮೇಲೆ ಬರೆಸುತ್ತೇವೆ. ಬಿಡುಗಡೆ ಆದೇಶ, ಖಜಾನೆ, ಕ್ರಿಯಾ ಯೋಜನೆಯ ಅನುಮೋದನೆ, ಟೆಂಡರ್, ಸರಬರಾಜು, ಬಿಲ್ಲು, ಹಣ ಬಳಕೆ ಪ್ರಮಾಣಪತ್ರ. ಪ್ರತಿ ನಿಲ್ದಾಣದಲ್ಲೂ ಎಷ್ಟು ದಿನ ಕೂರುತ್ತದೆ ಎಂದು ಆ ಮೇಜಿನಲ್ಲಿ ಕುಳಿತವರೇ ಬರೆಯುತ್ತಾರೆ. ತಡೆ ಎಲ್ಲಿದೆ ಎಂದು ಗೊತ್ತಾಗಲು ಬೇರೆ ಸಂಶೋಧನೆ ಬೇಕಾಗುವುದಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಎಷ್ಟು ಅಧಿಕಾರವಿದೆ ಎಂಬುದನ್ನು ಅನೇಕ ವೈದ್ಯಾಧಿಕಾರಿಗಳು ಮೊದಲ ಸಲ ಓದುವುದು ಇಲ್ಲೇ. ಆರೋಗ್ಯಕ್ಕೆ ಖರ್ಚಾಗುವ ಹಣದಲ್ಲಿ ಶೇ 20ರಿಂದ 40ರಷ್ಟು ಪೋಲಾಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2010ರ ಅದೇ ವರದಿ ಅಂದಾಜಿಸಿತ್ತು.

ಥಾಯ್ಲೆಂಡ್‌ನ ಕಥೆ ನಮಗೆ ಯಾಕೆ?

ಅದು ಶ್ರೀಮಂತ ದೇಶದ ಕಥೆಯಲ್ಲ ಎಂಬ ಕಾರಣಕ್ಕೆ. 2001ರ ಏಪ್ರಿಲ್‌ನಲ್ಲಿ ಆರು ಪ್ರಾಂತ್ಯಗಳಲ್ಲಿ ಶುರುವಾದ 30 ಬಾತ್ ಯೋಜನೆ ಮರುವರ್ಷ ಇಡೀ ದೇಶಕ್ಕೆ ಹರಡಿತು. ಅದೇ ವರ್ಷ ರಾಷ್ಟ್ರೀಯ ಆರೋಗ್ಯ ಭದ್ರತಾ ಕಾಯ್ದೆ ಬಂತು. ರೋಗಿ ಭೇಟಿಗೆ 30 ಬಾತ್ ಕೊಟ್ಟರೆ ಸಾಕು, ಉಳಿದದ್ದು ತೆರಿಗೆಯಿಂದ. ಆಸ್ಪತ್ರೆಗಳ ಗುಂಪಿಗೆ ಅಲ್ಲಿ ನೋಂದಾಯಿಸಿದ ಜನರ ಲೆಕ್ಕದಲ್ಲಿ ತಲೆಗಿಷ್ಟು ಎಂದು ಹಣ ಹೋಯಿತು, 2002ರಲ್ಲಿ ಅದು 1,202 ಬಾತ್.

ಒಂದು ವರ್ಷದಲ್ಲಿ ಆಯಿತು ಎಂದು ಚಪ್ಪಾಳೆ ತಟ್ಟುವವರು ಅದರ ಹಿಂದಿನ ಎರಡು ಮೂರು ದಶಕಗಳನ್ನು ನೋಡುವುದಿಲ್ಲ. 1970ರ ದಶಕದಿಂದ ವೈದ್ಯರಿಗೆ ಗ್ರಾಮೀಣ ಸೇವೆ ಕಡ್ಡಾಯವಾಗಿತ್ತು, ಜಿಲ್ಲೆಯೊಳಗಿನ ಸಣ್ಣ ಆಸ್ಪತ್ರೆಗಳನ್ನು ಕಟ್ಟಲಾಗಿತ್ತು. ಹಳ್ಳಿಯಲ್ಲಿ ದುಡಿದ ವೈದ್ಯರಲ್ಲಿ ಕೆಲವರು ಆರೋಗ್ಯ ಅರ್ಥಶಾಸ್ತ್ರ ಕಲಿತು ಸಚಿವಾಲಯದೊಳಗೆ ಕುಳಿತಿದ್ದರು. ಅವರಲ್ಲಿ ಡಾ. ಸಂಗುವಾನ್ ನಿತ್ಯಾರಂಪೋಂಗ್ ಅವರ ಹೆಸರು ದೊಡ್ಡದು. ರಾಜಕೀಯದ ಬಾಗಿಲು ತೆರೆದಾಗ ಲೆಕ್ಕ ಸಿದ್ಧವಾಗಿತ್ತು. ನೀತಿ ಮಾಡುವವರಿಗೆ ತರಬೇತಿ ಏಕೆ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಇದು. ನಮ್ಮ ನೆರೆಯ ಶ್ರೀಲಂಕಾವಂತೂ 1950ರ ದಶಕದ ಆರಂಭದಿಂದಲೇ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯನ್ನು ಉಚಿತವಾಗಿ ನಡೆಸಿಕೊಂಡು ಬಂದಿದೆ.

ಇಂಥ ತರಬೇತಿ ಬೇರೆಲ್ಲಿ ನಡೆಯುತ್ತದೆ?

ವಿಶ್ವ ಬ್ಯಾಂಕ್ 1997ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದೊಂದಿಗೆ ಸೇರಿ ಆರೋಗ್ಯ ಸುಧಾರಣೆ ಮತ್ತು ಸುಸ್ಥಿರ ಹಣಕಾಸಿನ ಬಗ್ಗೆ ಫ್ಲ್ಯಾಗ್‌ಶಿಪ್ ಎಂಬ ತರಬೇತಿ ಆರಂಭಿಸಿತು, ಅನೇಕ ಅಭಿವೃದ್ಧಿಶೀಲ ದೇಶಗಳ ಅಧಿಕಾರಿಗಳು ಅದರಲ್ಲಿ ಪಳಗಿದರು. ವಿಶ್ವ ಆರೋಗ್ಯ ಸಂಸ್ಥೆಯ ಬಾರ್ಸಿಲೋನಾ ಕಚೇರಿ ಇದೇ ವಿಷಯಕ್ಕೆ ಮೀಸಲಾಗಿದೆ. 2010ರಲ್ಲಿ ಶುರುವಾದ ಜಾಯಿಂಟ್ ಲರ್ನಿಂಗ್ ನೆಟ್‌ವರ್ಕ್‌ನಲ್ಲಿ ಭಾರತ, ಘಾನಾ, ವಿಯೆಟ್ನಾಂ, ಇಂಡೊನೇಷ್ಯಾದಂಥ ದೇಶಗಳವರು ಪರಸ್ಪರರ ಅನುಭವದಿಂದ ಕಲಿಯುತ್ತಾರೆ. ನಮ್ಮಲ್ಲಿ ಪಂಚಾಯಿತಿ ಪ್ರತಿನಿಧಿಗಳಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ, ಆರೋಗ್ಯ ಸಿಬ್ಬಂದಿಗೆ ಬೆಂಗಳೂರಿನ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ ಇವೆ. ಇವೆರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸುವುದು ನಮ್ಮ ಪ್ರಯತ್ನ. ಹಣ ಮಂಜೂರು ಮಾಡುವವರು, ಖರ್ಚು ಮಾಡುವವರು ಬೇರೆ ಬೇರೆ ಕೊಠಡಿಗಳಲ್ಲಿ ಕಲಿತರೆ ಕಡತ ಮತ್ತೆ ಅದೇ ದಾರಿಯಲ್ಲಿ ನಿಲ್ಲುತ್ತದೆ.

ನಾನು ವೈದ್ಯ. ನನಗೆ ಲೆಕ್ಕ ಯಾಕೆ?

ನೀವು ಬರೆಯುವ ಪ್ರತಿ ಚೀಟಿಯೂ ಒಂದು ಖರ್ಚಿನ ಆದೇಶ. ಅದನ್ನು ತೀರಿಸುವವರು ಸರ್ಕಾರವೋ ರೋಗಿಯೋ ಎಂಬುದು ನಿಮ್ಮ ಪೆನ್ನಿನಿಂದಲೇ ಎಷ್ಟೋ ಸಲ ತೀರ್ಮಾನವಾಗುತ್ತದೆ.

ಆಸ್ಪತ್ರೆಗೆ ಯಾವ ರೀತಿ ಹಣ ಕೊಟ್ಟರೆ ಒಳ್ಳೆಯದು?

ಯಾವ ರೀತಿಗೂ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿರುತ್ತದೆ. ಮಾಡಿದ ಪ್ರತಿ ಕೆಲಸಕ್ಕೂ ಹಣ ಕೊಟ್ಟರೆ ಬೇಡದ ಪರೀಕ್ಷೆಗಳು ಹೆಚ್ಚುತ್ತವೆ. ತಲೆಗಿಷ್ಟು ಎಂದು ಮೊದಲೇ ಕೊಟ್ಟರೆ ರೋಗಿಯನ್ನು ಬೇಗ ಸಾಗಹಾಕುವ ಆಸೆ ಹುಟ್ಟುತ್ತದೆ. ಒಂದು ಕಾಯಿಲೆಗೆ ಇಷ್ಟು ಎಂಬ ಪ್ಯಾಕೇಜ್ ದರದಲ್ಲಿ, ದರ ಹೆಚ್ಚಿರುವ ಪ್ಯಾಕೇಜ್‌ನ ಹೆಸರು ಬರೆಯುವ ಒತ್ತಡವಿರುತ್ತದೆ. ಸಂಬಳ ಮತ್ತು ಅನುದಾನ ಮಾತ್ರ ಕೊಟ್ಟರೆ ಹೆಚ್ಚು ರೋಗಿಗಳನ್ನು ನೋಡಿದವರಿಗೂ ನೋಡದವರಿಗೂ ವ್ಯತ್ಯಾಸವಿಲ್ಲ. ಆದ್ದರಿಂದ ಬೆರಕೆ ಮಾಡುತ್ತಾರೆ: ಪ್ರಾಥಮಿಕ ಕೇಂದ್ರಕ್ಕೆ ತಲಾವಾರು, ಆಸ್ಪತ್ರೆಗೆ ಪ್ಯಾಕೇಜ್ ದರ, ಎರಡಕ್ಕೂ ತಪಾಸಣೆ. ತರಬೇತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸ್ಪತ್ರೆಯ ಪಾತ್ರ ಕೊಟ್ಟು ಆಡಿಸುತ್ತೇವೆ. ಪ್ರಾಮಾಣಿಕ ಮನುಷ್ಯರೇ ಅರ್ಧ ಗಂಟೆಯಲ್ಲಿ ದರದ ಹಿಂದೆ ಹೋಗುವುದನ್ನು ಅವರೇ ಗಮನಿಸುತ್ತಾರೆ.

ಜನಸಂಖ್ಯೆ ನೋಡಿ ಹಣ ಕೊಟ್ಟರೆ ಕೊಡಗಿನಂಥ ಸಣ್ಣ ಜಿಲ್ಲೆಗೆ ಅನ್ಯಾಯವಲ್ಲವೇ?

ಅನ್ಯಾಯವೇ, ದೂರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ 5,54,519 ಜನ, ಚದರ ಕಿಲೋಮೀಟರಿಗೆ ಸುಮಾರು 135. ಮನೆಗಳು ತೋಟದ ನಡುವೆ ಚದುರಿಕೊಂಡಿವೆ. ಒಬ್ಬ ಆರೋಗ್ಯ ಕಾರ್ಯಕರ್ತೆ ಬಯಲುಸೀಮೆಯಲ್ಲಿ ಒಂದು ಬೀದಿಯಲ್ಲಿ ನೋಡುವಷ್ಟು ಮನೆಗಳನ್ನು ಇಲ್ಲಿ ನೋಡಲು ಇಡೀ ದಿನ ನಡೆಯಬೇಕು, ಕೆಲವು ಕಡೆ ಆನೆಯ ಭಯದಿಂದ ಸಂಜೆ ನಾಲ್ಕರೊಳಗೆ ಹಿಂತಿರುಗಬೇಕು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ ರಾಷ್ಟ್ರೀಯ ಮಾನದಂಡವೇ ಬೇರೆ ಇದೆ. ಬಯಲಿನಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಇಲ್ಲಿ 20,000ಕ್ಕೆ, ಉಪಕೇಂದ್ರ 5,000ದ ಬದಲು 3,000ಕ್ಕೆ. ಕಟ್ಟಡಕ್ಕೆ ಈ ರಿಯಾಯಿತಿ ಇದೆ, ನಡೆಸುವ ಖರ್ಚಿಗೂ ಅದೇ ನ್ಯಾಯ ಸಿಗಬೇಕೆಂದು ಕೇಳಲು ನಮಗೆ ಅಂಕಿ ಬೇಕು. ಜೇನುಕುರುಬ, ಯರವ ಹಾಡಿಗಳಿಂದ ಹತ್ತಿರದ ಹೆರಿಗೆ ಕೊಠಡಿಗೆ ಎಷ್ಟು ಹೊತ್ತು, ಎಷ್ಟು ಬಾಡಿಗೆ ಎಂಬ ಪಟ್ಟಿಯನ್ನು ತರಬೇತಿಯ ಎರಡನೇ ದಿನ ಎಲ್ಲರೂ ಕೂಡಿ ಮಾಡುತ್ತೇವೆ.

2018ರ ಆಗಸ್ಟ್‌ನ ಭೂಕುಸಿತದಲ್ಲಿ ಜೋಡುಪಾಲದ ಬಳಿ ಮಂಗಳೂರು ರಸ್ತೆ ಕಡಿದಾಗ ಆ ಕಡೆಯ ಆಸ್ಪತ್ರೆಗಳನ್ನು ನಂಬಿದ್ದವರು ಮೈಸೂರಿನತ್ತ ತಿರುಗಬೇಕಾಯಿತು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಅದನ್ನು ಬಲಪಡಿಸಲು ಹಾಕುವ ಹಣವನ್ನು, ಘಟ್ಟ ಇಳಿಯುವ ಪ್ರತಿ ಜೀಪಿನ ಬಾಡಿಗೆಯ ಎದುರು ಇಟ್ಟು ತೂಗಬೇಕು. ಒಂದು ಮಾತು ಹಿರಿಯರು ಪ್ರತಿ ಸಲ ನೆನಪಿಸುತ್ತಾರೆ: 1952ರಿಂದ 1956ರವರೆಗೆ ಸಿ.ಎಂ. ಪೂಣಚ್ಚ ಅವರು ಆಗಿನ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ ಕೊಡಗಿನ ಬಜೆಟ್ ಕೊಡಗಿನಲ್ಲೇ ಮಂಡನೆಯಾಗುತ್ತಿತ್ತು. ಹಾಗೆ ನೆನಪಿಸಿದವರಿಗೆ ಜಿಲ್ಲೆಯ ಇಂದಿನ ಆರೋಗ್ಯ ಲೆಕ್ಕವನ್ನು ಅಷ್ಟೇ ಅಕ್ಕರೆಯಿಂದ ಓದಿ ಎಂದು ಕೈಗೆ ಕೊಡುತ್ತೇನೆ.

ಇಂಗ್ಲಿಷ್ ಬರಬೇಕೇ?

ಬೇಡ. ಪಾಠ, ಅಭ್ಯಾಸ, ಲೆಕ್ಕದ ಹಾಳೆ ಎಲ್ಲವೂ ಕನ್ನಡದಲ್ಲಿವೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳದಲ್ಲಿ ಮಾತಾಡಿಕೊಳ್ಳುವವರು ಹಾಗೆಯೇ ಚರ್ಚಿಸಬಹುದು. ಸರ್ಕಾರಿ ಆದೇಶದ ಇಂಗ್ಲಿಷ್ ಪದಗಳನ್ನು ಬಿಡಿಸಿ ಹೇಳುತ್ತೇವೆ.

ಎರಡು ಮೂರು ದಿನ ಕೂತು ಬಂದರೆ ಏನು ಬದಲಾಗುತ್ತದೆ?

ತರಬೇತಿಯಿಂದ ಮಾತ್ರ ಬದಲಾಗುವುದು ಕಡಿಮೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತರಬೇತಿ ಪಡೆದವರು ಆರು ತಿಂಗಳಲ್ಲಿ ವರ್ಗವಾದರೆ ಕಲಿತದ್ದು ಅವರೊಂದಿಗೇ ಹೋಗುತ್ತದೆ. ಆದ್ದರಿಂದ ಒಂದು ಪಂಚಾಯಿತಿಯಿಂದ ಒಬ್ಬರನ್ನು ಕರೆಯುವುದನ್ನು ನಿಲ್ಲಿಸಿದ್ದೇವೆ. ಅಧ್ಯಕ್ಷರು, ಪಿಡಿಒ, ವೈದ್ಯಾಧಿಕಾರಿ, ಆಶಾ ಕಾರ್ಯಕರ್ತೆ ನಾಲ್ವರೂ ಒಟ್ಟಿಗೆ ಬರಬೇಕು. ಹೋಗುವಾಗ ಒಂದೇ ಒಂದು ಕೆಲಸ ಬರೆದುಕೊಂಡು ಹೋಗಬೇಕು, ಮುಂದಿನ ಸಾಮಾನ್ಯ ಸಭೆಯ ನಡಾವಳಿಯಲ್ಲಿ ಅದು ಕಾಣಬೇಕು. ಆರು ತಿಂಗಳ ನಂತರ ನಾವು ಆ ನಡಾವಳಿ ಪುಸ್ತಕವನ್ನೇ ಕೇಳುತ್ತೇವೆ. ಕೆಲವು ಕಡೆ ಏನೂ ಇರುವುದಿಲ್ಲ. ಒಂದು ಪಂಚಾಯಿತಿಯಲ್ಲಿ ‘ಉಪಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆಯ ದಾಸ್ತಾನನ್ನು ಪ್ರತಿ ತಿಂಗಳು ಸಭೆಗೆ ಓದಿ ಹೇಳತಕ್ಕದ್ದು’ ಎಂಬ ಒಂದೇ ಸಾಲಿನ ನಿರ್ಣಯ ಇತ್ತು. ಅದರ ಕೆಳಗೆ ಐದು ತಿಂಗಳ ದಾಸ್ತಾನಿನ ಅಂಕಿ, ಬೇರೆ ಬೇರೆ ಕೈಬರಹದಲ್ಲಿ.

ಬರುವಾಗ ಏನು ತರಬೇಕು?

ನಿಮ್ಮ ಪಂಚಾಯಿತಿ ಅಥವಾ ಆಸ್ಪತ್ರೆಯ ಹಿಂದಿನ ವರ್ಷದ ಆರೋಗ್ಯ ಕ್ರಿಯಾ ಯೋಜನೆ, ಅದರ ಖರ್ಚಿನ ಪಟ್ಟಿ, ಸಮಿತಿಯ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ. ಲೆಕ್ಕಕ್ಕೆ ಮೊಬೈಲ್ ಸಾಕು. ಮಳೆಗಾಲದ ತಂಡವಾದರೆ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಹಿಂದಿನ ದಿನವೇ ಹೊರಡಿ. ಜೊತೆಗೆ, ನಿಮ್ಮ ಊರಿನ ಒಂದು ಮನೆಗೆ ಹೋಗಿ, ಅವರು ಒಪ್ಪಿದರೆ, ಗೋಡೆಯ ಮೊಳೆಗೆ ತೂಗುಹಾಕಿದ ಕವರ್‌ನಲ್ಲಿರುವ ಕಾಗದಗಳನ್ನು ಅವರೊಂದಿಗೆ ಕುಳಿತು ಎಣಿಸಿ ಬನ್ನಿ. ಹೆಸರು ಬರೆದುಕೊಳ್ಳಬೇಡಿ, ಮೊತ್ತ ಮಾತ್ರ ಸಾಕು.